ಹೊಲದ ಮನೆಗೆ ಊಟದ ಕರೆ

ಕ್ಯಾಂಪಿಂಗ್ ಎಂದರೆ ಮನೆ ಬಿಟ್ಟು ಹೋಗುವುದು ಎಂದು ನೀವು ತಿಳಿದುಕೊಂಡಿದ್ದರೆ, ನಿಮಗೆ ನಮ್ಮಾಕಿ ಗೊತ್ತಿಲ್ಲ ಎಂದಾಯಿತು. ನಮ್ಮಾಕಿ ಮನೆಯನ್ನೇ ಹೊತ್ತುಕೊಂಡು ಹೋಗುತ್ತಾಳೆ! ಹೊತ್ತುಕೊಂಡು ಎಂದೆನಲ್ಲ, ಹೊರುವವನು ನಾನು.

ನಮ್ಮಾಕಿ ಎಂದರೆ ನನ್ನ ಹೆಂಡತಿ. ಹೆಸರು ಹಾಕಿ ಬರೆಯುವಷ್ಟು ಧೈರ್ಯ ನನಗಿಲ್ಲ. ಬರೆದ ದಿನ ಸಂಜೆ ತಾಟಿನಲ್ಲಿ ಏನು ಬೀಳುತ್ತದೆ ಎಂದು ಹೇಳಲಾಗದು. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ, ಆದ್ದರಿಂದ ಮನೆಯಲ್ಲೂ ನನ್ನನ್ನು ಮೂರನೇ ಇಯತ್ತೆಯಲ್ಲಿ ಕೂರಿಸಿಯೇ ಮಾತನಾಡುತ್ತಾಳೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು ಎಂಬುದು ಅವಳ ಗಮನಕ್ಕೆ ಇನ್ನೂ ಬಂದಂತಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಾವಿಬ್ಬರೂ ಇರುತ್ತೇವೆ. ಕೆಳಗೆ ಮನೆಯ ಮಾಲೀಕರು ಇರುತ್ತಾರೆ.

ದಸರೆ ಮುಗಿದು ಮಳೆ ಹಿಂದೆ ಸರಿಯಿತು ಎಂದರೆ ನನ್ನ ಶನಿವಾರಗಳು ಕೈಬಿಟ್ಟುಹೋಗುತ್ತವೆ. ಅರ್ಧ ದಿನದ ಶಾಲೆ ಮುಗಿಸಿಕೊಂಡು ಬರುವ ನಮ್ಮಾಕಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡೀರಿ, ಮನಿ ಇಳಸೂಣು" ಎನ್ನುತ್ತಾಳೆ. ಆಮೇಲೆ ಒಂದೊಂದಾಗಿ ಮೆಟ್ಟಿಲು ಇಳಿಯುವ ಸಾಮಾನು ನೋಡಬೇಕು. ಟೆಂಟು ಇರುತ್ತದೆ, ಸರಿ. ಅದರ ಹಿಂದೆ ರೊಟ್ಟಿ ಹಂಚು, ಹಿಟ್ಟು ನಾದುವ ಪರಾತ, ಕೂರುವ ಮಣೆಗಳು, ಹಿತ್ತಾಳೆ ತಂಬಿಗೆ, ರಂಗೋಲಿ ಡಬ್ಬಿ, ಬಾಗಿಲ ತೋರಣ. ಎಲ್ಲಕ್ಕಿಂತ ಕೊನೆಗೆ ಒಂದು ಸಾಗವಾನಿ ಹಲಗೆ. ಅದು ಹೊಸ್ತಿಲು. ಹೌದು, ಟೆಂಟಿಗೆ ಹೊಸ್ತಿಲು! ಬಡಿಗೇರನ ಹತ್ತಿರ ಹೋಗಿ ಹೇಳಿ ಮಾಡಿಸಿದ್ದು. "ಎಷ್ಟು ಅಗಲದ ಬಾಗಿಲಾ?" ಎಂದು ಅವನು ಕೇಳಿದಾಗ ಇವಳು ಚೀಲ ಬಿಚ್ಚಿ ಟೆಂಟನ್ನೇ ಅವನ ಅಂಗಡಿಯಲ್ಲಿ ಹರಡಿ ತೋರಿಸಿದಳಂತೆ. ಆ ಬಡಿಗೇರ ಈಗಲೂ ರಸ್ತೆಯಲ್ಲಿ ಕಂಡರೆ ನನಗೆ ಕರುಣೆಯಿಂದ ಕೈ ಮುಗಿಯುತ್ತಾನೆ.

ಗೋಡೆ ಗಡಿಯಾರವೂ ಬರುತ್ತದೆ. ಕೆಳಗಿನ ಮಾಲೀಕರು, ಅವರಿಗೆ ನಾವು ಕಾಕಾ ಎನ್ನುವುದು, ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮೊದಲ ದಿನವೇ ಹೇಳಿದ್ದಾರೆ. ಆದ್ದರಿಂದ ನಮ್ಮ ಗಡಿಯಾರ ವಾರವೆಲ್ಲ ಫ್ರಿಜ್ಜಿನ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿರುತ್ತದೆ. ಹೊಲಕ್ಕೆ ಹೋದ ಮೇಲೆ ಟೆಂಟಿನ ಕೋಲಿಗೆ ನೇತುಹಾಕಿದಾಗ ಮಾತ್ರ ಅದು ಗೋಡೆ ಗಡಿಯಾರ.

ಹೋಗುವುದು ನಾವಿಬ್ಬರೇ ಅಲ್ಲ, ಇಮ್ತಿಯಾಜ್ ಮತ್ತು ಶಾಹಿನಾ ಜೊತೆಗಿರುತ್ತಾರೆ. ಶಾಹಿನಾ ಡಿ.ಎಡ್. ಓದುವ ಕಾಲದಿಂದ ನಮ್ಮಾಕಿಯ ಗೆಳತಿ, ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳ ಗಂಡ ಇಮ್ತಿಯಾಜ್‌ನದು ಬೆಂಗೇರಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ನಮ್ಮನ್ನು ಹೊಲಕ್ಕೆ ಒಯ್ಯುವುದು ಅವನ ಹಳೆಯ ವ್ಯಾನು. ಇಮ್ತಿಯಾಜ್‌ಗೆ ಕ್ಯಾಂಪಿಂಗ್ ಎಂದರೆ ಜೀವ ಹೋಗುತ್ತದೆ. ಮೊದಲ ಸಲವೇ ಅವನು ನನ್ನ ಕಿವಿಯಲ್ಲಿ ಹೇಳಿದ್ದ: "ದೋಸ್ತ, ವಾರ ಪೂರಾ ಟ್ರ್ಯಾಕ್ಟರ್ ಬುಡಕ ನೆಲದ ಮ್ಯಾಲ ಮಕ್ಕೊಂಡಿರ್ತೇನಿ. ರವಿವಾರನೂ ನೆಲಾನ ಏನೋ?" ಆದರೂ ಒಂದು ಶನಿವಾರವೂ ತಪ್ಪಿಸಿದವನಲ್ಲ. ಶಾಹಿನಾಳಿಗಂತೂ ಚಳಿ ಎಂದರೆ ಆಗದು. ದೀಪಾವಳಿ ಇನ್ನೂ ದೂರ ಇರುವಾಗಲೇ ಶಾಲು ಹೊದೆಯುವವಳು. ಇಂಥ ನಾಲ್ವರಲ್ಲಿ ಬಯಲಿನಲ್ಲಿ ಮಲಗಲು ಹುಟ್ಟಿದವರು ಒಬ್ಬರೂ ಇರಲಿಲ್ಲ. ಇದು ನಮ್ಮ ಮೂರನೆಯ ಶರತ್ಕಾಲ.

ಕಲಘಟಗಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ಒಂದು ಕೆರೆ, ಕೆರೆಯ ಮಗ್ಗುಲಿಗೆ ಗೋವಿನಜೋಳದ ಹೊಲ. ಇಮ್ತಿಯಾಜ್‌ನ ಗ್ಯಾರೇಜಿಗೆ ಟ್ರ್ಯಾಕ್ಟರ್ ತರುವ ಒಬ್ಬರ ಹೊಲವದು. ಅವರ ತಾಯಿ ನೀಲವ್ವಜ್ಜಿಯದೇ ಅಲ್ಲಿ ದರ್ಬಾರು. ಮೊದಲ ದಿನ ನಮ್ಮಾಕಿ ಅಜ್ಜಿಯ ಮುಂದೆ ಬಾಡಿಗೆಯವರ ಹಾಗೆ ಕೈ ಕಟ್ಟಿ ನಿಂತು ಕೇಳಿದ್ದಳು: "ಅಜ್ಜಿ, ಇಲ್ಲೆ ಇರಾಕ ಏನರೆ ನೇಮ ಅದಾವೇನ್ರಿ?"

"ಹೊಲಕ್ಕ ಎಂಥಾ ನೇಮವ್ವಾ? ಬೆಳಿಗೆ ದನಾ ಬಿಡಬ್ಯಾಡ್ರಿ, ಅಷ್ಟ."

ನಮ್ಮ ಹತ್ತಿರ ದನ ಇಲ್ಲ ಎಂದು ನಾನು ನಮ್ರತೆಯಿಂದ ಹೇಳಿದೆ. ಅಜ್ಜಿ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ತನ್ನ ದಾರಿ ಹಿಡಿದಳು.

ಟೆಂಟು ಹಾಕುವ ವಿಷಯಕ್ಕೆ ಬರೋಣ. ಬೇರೆಯವರು ಸಮತಟ್ಟಾದ ಜಾಗ ನೋಡುತ್ತಾರೆ, ನಮ್ಮಾಕಿ ದಿಕ್ಕು ನೋಡುತ್ತಾಳೆ. ಬಾಗಿಲು ಪೂರ್ವಕ್ಕೇ ಇರಬೇಕು, ಅಡುಗೆಯ ಸಾಮಾನು ಆಗ್ನೇಯದಲ್ಲೇ ಇರಬೇಕು. ಮೊದಲ ಸಲ ಹಾಗೆ ಮಾಡಿದಾಗ ನೆಲದ ಇಳಿಜಾರೂ ಆಗ್ನೇಯಕ್ಕೇ ಇತ್ತು. ಮಲಗುವಾಗ ವಾಯವ್ಯದಲ್ಲಿ ಮಲಗಿದ್ದ ನಾನು ಬೆಳಗಾಗುವ ಹೊತ್ತಿಗೆ ಜಾರಿ ಜಾರಿ ಅಡುಗೆಮನೆ ಸೇರಿದ್ದೆ. ಕಣ್ಣು ಬಿಟ್ಟರೆ ತಲೆ ಉಳ್ಳಾಗಡ್ಡಿ ಬುಟ್ಟಿಗೆ ಆತುಕೊಂಡಿದೆ. ನಮ್ಮಾಕಿ ಚಹದ ಪಾತ್ರೆ ಹಿಡಿದುಕೊಂಡು ಎದುರಿಗೆ ನಿಂತಿದ್ದಾಳೆ. ಗಂಡನಿಗೆ ಏನಾಯಿತು ಎಂಬ ಗಾಬರಿ ಆ ಮುಖದಲ್ಲಿ ಎಲ್ಲಿ ಬರಬೇಕು?

"ಬಂದದ್ದ ಬಂದ್ರಿ, ಉಳ್ಳಾಗಡ್ಡಿ ಹೆಚ್ಚಿ ಕೊಡ್ರಿ" ಎಂದಳು.

ಇದಕ್ಕಿಂತ ದೊಡ್ಡ ನಾಟಕ ಎಂದರೆ ಊಟಕ್ಕೆ ಕರೆಯುವುದು. ಪ್ರತಿ ಶುಕ್ರವಾರ ಸಂಜೆ ನಮ್ಮಾಕಿ ಶಾಹಿನಾಳಿಗೆ ಫೋನು ಮಾಡಿ, "ನಾಳೆ ನಮ್ಮ ಮನಿಗೆ ಊಟಕ್ಕ ಬರ್ರಿ, ಇಬ್ಬರೂ ಬರಬೇಕು ಮತ್ತ, ಮರೀಬ್ಯಾಡ್ರಿ" ಎಂದು ಕರೆಯುತ್ತಾಳೆ. ಮನೆ ಎಂದರೆ ಟೆಂಟು. ಆ ಟೆಂಟು ಹೋಗುವುದೇ ಅವರ ವ್ಯಾನಿನಲ್ಲಿ! ಹೊಲ ಮುಟ್ಟಿದ ಮೇಲೆ ಅತಿಥಿಗಳಿಬ್ಬರೂ ದೂರದ ಬೇವಿನ ಮರದ ಕೆಳಗೆ ನಿಲ್ಲಬೇಕು. ಅವರು ಟೆಂಟಿನ ಹಗ್ಗ ಮುಟ್ಟುವಂತಿಲ್ಲ, ಗೂಟ ಬಡಿಯುವಂತಿಲ್ಲ. ಕರೆದವರ ಮನೆಯಲ್ಲಿ ಬಂದವರು ಕೆಲಸ ಮಾಡುತ್ತಾರೆಯೇ? ಟ್ರ್ಯಾಕ್ಟರಿನ ಎಂಜಿನ್ನನ್ನೇ ಎತ್ತಿ ಇಳಿಸುವ ಮನುಷ್ಯ ಮರದ ಕೆಳಗೆ ಕೈಕಟ್ಟಿ ನಿಂತು, ನಾನು ಸುತ್ತಿಗೆಯಿಂದ ನನ್ನ ಹೆಬ್ಬೆರಳನ್ನೇ ಬಡಿದುಕೊಳ್ಳುವುದನ್ನು ನೋಡುತ್ತಾನೆ.

ಮನೆ ಎದ್ದು ನಿಂತು, ಹೊಸ್ತಿಲು ಕೂತು, ಮುಂದೆ ರಂಗೋಲಿ ಬಿದ್ದ ಮೇಲೆ ನಮ್ಮಾಕಿ ಸೆರಗು ಸರಿಪಡಿಸಿಕೊಂಡು ಬಾಗಿಲಿಗೆ ಬಂದು, "ಬರ್ರಿ, ಬರ್ರಿ, ಒಳಗ ಬರ್ರಿ" ಎಂದು ಕರೆಯುತ್ತಾಳೆ. ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುತ್ತಾಳೆ. ಅವರು ಒಳಗೆ ಬಂದು ಮಣೆಯ ಮೇಲೆ ಕುಳಿತ ಮೇಲೆ ಕೇಳುತ್ತಾಳೆ: "ಹಾದಿ ಛಲೋ ಇತ್ತೇನ್ರಿ? ತ್ರಾಸ ಆಗಲಿಲ್ಲಲಾ?"

ಆ ಹಾದಿಯಲ್ಲಿ ಇವಳೂ ಬಂದಿದ್ದಾಳೆ. ಅದೂ ಮುಂದಿನ ಸೀಟಿನಲ್ಲಿ!

"ಹಾದಿ ಛಲೋ ಇತ್ತರಿ ವೈನಿ" ಎನ್ನುತ್ತಾನೆ ಇಮ್ತಿಯಾಜ್, ಮುಖದ ಒಂದು ಗೆರೆಯನ್ನೂ ಅಲುಗಿಸದೆ. "ಡ್ರೈವರ್ ಮಾತ್ರ ಭಾಳ ಕೆಟ್ಟಾವ ಇದ್ದ."

ಇನ್ನು ಊಟ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೊನೆಗೆ ಸಿಹಿಗೆ ಮಾದೇಲಿ. ಮೊದಲು ಅವರಿಬ್ಬರಿಗೆ, ಆಮೇಲೆ ನನಗೆ, ಎಲ್ಲರದೂ ಆದ ಮೇಲೆ ತನಗೆ. ಶಾಹಿನಾ ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬೀಳುತ್ತದೆ. ಒಮ್ಮೆ ಕೆರೆಯ ಆಚೆ ದಂಡೆಯಲ್ಲಿ ಟೆಂಟು ಹಾಕಿದ್ದ ಬೆಂಗಳೂರು ಕಡೆಯ ಗಂಡ-ಹೆಂಡತಿ ಕಡ್ಡಿಪೆಟ್ಟಿಗೆ ಕೇಳಲು ಬಂದರು. ಅವರ ಚೀಲಗಳಿಗೆ ಎಷ್ಟು ಕಿಸೆ, ಬೂಟುಗಳಿಗೆ ಎಷ್ಟು ದಾರ! ಪಾಪ, ಪ್ರಕೃತಿಯ ಮಡಿಲಲ್ಲಿ ಬಿಸ್ಕೀಟು ತಿಂದುಕೊಂಡಿರಬೇಕೆಂದು ಬಂದಿದ್ದರು. ಕಡ್ಡಿಪೆಟ್ಟಿಗೆ ಅವರ ಕೈಗೆ ಸಿಕ್ಕಿದ್ದು ಎರಡನೆಯ ಸಲ ಮಾದೇಲಿ ಬಡಿಸಿಕೊಂಡ ಮೇಲೆ. ಎದ್ದು ಹೋಗುವಾಗ ಆ ಗಂಡ ಸೊಂಟದ ಪಟ್ಟಿ ಸಡಿಲಿಸಿಕೊಳ್ಳುತ್ತಿದ್ದ.

ಇಷ್ಟು ಓದಿದವರು ಇದೆಂಥ ಹುಚ್ಚು ಎಂದುಕೊಳ್ಳುತ್ತೀರಿ. ಹುಚ್ಚು ನಿಜ. ಆದರೆ ಅದಕ್ಕೆ ಕಾರಣ ಇದೆ, ಮತ್ತು ಆ ಕಾರಣ ನಗುವಂಥದ್ದಲ್ಲ.

ನಾವು ಸಪ್ತಾಪುರದ ಮನೆಗೆ ಬಂದ ಹೊಸತು. ಅದಕ್ಕೆ ಮೊದಲು ನಮ್ಮ ಸಂಸಾರ ಒಂದೇ ಕೋಣೆಯಲ್ಲಿತ್ತು. ಕರೆದರೆ ಕೂರಿಸಲು ಜಾಗವಿರಲಿಲ್ಲ. ಅಷ್ಟು ವರ್ಷವೂ ರಮ್ಜಾನು, ಬಕ್ರೀದು, ಅವರ ಮನೆಯ ಮದುವೆ, ಸುನ್ನತಿ ಎಂದು ಬೆಂಗೇರಿಗೆ ಹೋಗಿ ಹೊಟ್ಟೆ ಬಿರಿಯೆ ಉಂಡು ಬಂದವರು ನಾವು. ನಮಗಾಗಿ ಶಾಹಿನಾಳ ಅತ್ತೆ ಬೇರೆ ಒಲೆ ಹೂಡಿ, ಬೇರೆ ಪಾತ್ರೆಯಲ್ಲಿ ಕಾಯಿಪಲ್ಲೆ ಮಾಡಿಸುತ್ತಿದ್ದರು. ನಮ್ಮಾಕಿಗೆ ಒಂದೇ ಆಸೆ, ಒಂದು ಸಲ ಗೆಳತಿಯನ್ನು ತನ್ನ ಮನೆಗೆ ಕರೆದು, ತನ್ನ ಕೈಯಾರೆ ಬಡಿಸಬೇಕು. "ಉಂಡು ಬರೋದ ಆತು ನಮ್ದು. ಕರಿಯೋದು ಯಾವಾಗ?" ಎಂದು ನನ್ನನ್ನು ಪೀಡಿಸುತ್ತಿದ್ದಳು. ಮನೆ ಸಿಕ್ಕ ಮೊದಲ ವಾರವೇ ಕರೆಯುವ ದಿನವನ್ನೂ ಗೊತ್ತು ಮಾಡಿಬಿಟ್ಟಳು.

ಆ ವಾರದಲ್ಲೇ ಕಾಕಾ ಮೆಟ್ಟಿಲು ಹತ್ತಿ ಬಂದರು. ನಾನು ಕಾಲೇಜಿಗೆ ಹೋಗಿದ್ದೆ. ಅವರು ಒರಟು ಮನುಷ್ಯರಲ್ಲ. ತಮ್ಮ ಹಿತ್ತಲ ಕರಿಬೇವು ಕಡಿದಾಗ ಮೊದಲ ಟೊಂಗೆ ನಮಗೇ ಕೊಡುತ್ತಾರೆ. ಬಂದವರು ಬಹಳ ಮೆತ್ತಗೆ ಹೇಳಿದರಂತೆ: "ನಿಮ್ಮ ಸಾಲಿ ಮಂದಿ ಬರಲಿ, ಬ್ಯಾಡ ಅನ್ನಂಗಿಲ್ಲವ್ವಾ. ಆದ್ರ ಬೆಂಗೇರಿಯವರು ಮ್ಯಾಲ ಬಂದು ಊಟಾ-ಗೀಟಾ ಮಾಡೋದು ಬ್ಯಾಡ. ಮನ್ಯಾಗ ಹಿರೇರದಾರ, ಅವರಿಗೆ ಸರಿ ಬರಂಗಿಲ್ಲ."

ಬೆಂಗೇರಿಯಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಕಾಕಾ ಯಾವ ಬೆಂಗೇರಿಯವರ ಮಾತು ಆಡಿದರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಾಕಿ ಜಗಳ ಮಾಡಲಿಲ್ಲ. ದಸರೆಯವರೆಗೂ ಬೇರೆ ಮನೆ ಹುಡುಕಿದೆವು. ಒಂದು ಕಡೆ ಉಳ್ಳಾಗಡ್ಡಿಯ ವಾಸನೆ ಬರಬಾರದು, ಇನ್ನೊಂದು ಕಡೆ ಬೀಗರು-ನೆಂಟರು ಉಳಿಯಬಾರದು, ಗೋಪನಕೊಪ್ಪದಲ್ಲಿ ಒಂದು ಛಲೋ ಮನೆ ಇತ್ತು, ಆ ಮಾಲೀಕರೂ ಬಾಗಿಲಲ್ಲೇ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ "ನಿಮ್ಮ ಕಡೆ ಯಾರ‍್ಯಾರು ಬಂದು ಹೋಗಿ ಮಾಡ್ತಾರ?" ಎಂದೇ. ಅವತ್ತು ಬಸ್ಸಿನಲ್ಲಿ ಹಿಂತಿರುಗುವಾಗ ನಮ್ಮಾಕಿ ಕಿಟಕಿಯ ಹೊರಗೆ ನೋಡುತ್ತ, "ಸಾಕ್ರಿ ಹುಡುಕಿದ್ದು. ಗ್ವಾಡಿ ಇದ್ದಲ್ಲಿ ಮಾಲಕ ಇರ್ತಾನ" ಎಂದಳು. ಮರುವಾರ ಗೋಡೆಯಿಲ್ಲದ ಮನೆ ಬಂತು. ಹಸಿರು ಬಣ್ಣದ್ದು, ನಾಲ್ಕು ಜನ ಹಿಡಿಸುವಂಥದ್ದು.

ಅದರ ಜೊತೆ ನನಗೊಂದು ತಾಕೀತೂ ಬಂತು: "ಶಾಹಿನಾಗ ಇದು ಗೊತ್ತಾಗಬಾರ್ದು. ನಿಮ್ಮ ಬಾಯಾಗಿಂದ ಒಂದ ಮಾತು ಹೊರಗ ಬಿದ್ರ ನೋಡ್ರಿ." ಗೆಳತಿಗೆ ಅವಳು ಹೇಳಿದ ಕಾರಣ ಏನು ಗೊತ್ತೇ? "ಮನ್ಯಾಗ ಭಾಳ ಸೆಖಿ, ಹೊಲದಾಗ ಊಟಾ ಮಾಡೂಣು." ಅಕ್ಟೋಬರ್ ತಿಂಗಳಲ್ಲಿ ಧಾರವಾಡದಲ್ಲಿ ಸೆಖೆ ಎಂದು ಹೇಳಿದ ಮೊದಲ ಹೆಂಗಸು ಇವಳೇ ಇರಬೇಕು. ಶಾಲು ಹೊದ್ದುಕೊಂಡಿದ್ದ ಶಾಹಿನಾ, "ಹೌದಲಾ, ಭಾಳ ಸೆಖಿ" ಎಂದಳು. ಅಲ್ಲಿಂದ ಶುರುವಾದದ್ದು ಈ ಸಂಸಾರ ಸಾಗಾಣಿಕೆ. ಮನಸ್ಸಿನಲ್ಲಿ ಮಾತ್ರ ನನಗೆ ಸದಾ ಪುಕುಪುಕು. ಎಂದಾದರೂ ಒಂದು ದಿನ ಶಾಹಿನಾ, "ನಿಮ್ಮ ಖರೇ ಮನಿ ಯಾವಾಗ ತೋರಸ್ತಿ?" ಎಂದು ಕೇಳಿದರೆ ಏನು ಗತಿ? ಮೂರು ವರ್ಷವಾದರೂ ಅವಳು ಕೇಳಿರಲಿಲ್ಲ. ಅದೃಷ್ಟ ಎಂದುಕೊಂಡಿದ್ದೆ.

ಈ ವರ್ಷದ ಶೀಗಿ ಹುಣ್ಣಿವೆಗೆ ಆ ಅದೃಷ್ಟ ಕೈಕೊಡುವುದರಲ್ಲಿತ್ತು.

ಶೀಗಿ ಹುಣ್ಣಿವೆ ಎಂದರೆ ರೈತರ ಮನೆಯ ದೊಡ್ಡ ಹಬ್ಬ. ಬೆಳೆ ತುಂಬಿ ನಿಂತ ಭೂಮಿತಾಯಿಯನ್ನು ಬಸುರಿ ಎಂದು ತಿಳಿದು ಅವಳ ಬಯಕೆ ತೀರಿಸುವ ದಿನ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಾರೆ, ಬನ್ನಿ ಗಿಡದ ಕೆಳಗೆ ಐದು ಕಲ್ಲುಗಳನ್ನು ಪಾಂಡವರು ಎಂದು ಕೂರಿಸಿ, ಸುಣ್ಣ ಹಚ್ಚಿ ಪೂಜಿಸುತ್ತಾರೆ, ಆಮೇಲೆ ಬೆಳೆಯ ನಡುವೆ ಅನ್ನ, ಕಡಬು ಎಲ್ಲ ಕಲಸಿದ ಚರಗ ಚೆಲ್ಲುತ್ತಾರೆ. ಇದೆಲ್ಲ ನನಗೆ ಈಗ ಗೊತ್ತು. ಆಗ ನಮಗೆ ಶೀಗಿ ಹುಣ್ಣಿವೆ ಕ್ಯಾಲೆಂಡರಿನಲ್ಲಿ ಕೆಂಪಗೆ ಕಾಣುವ ಒಂದು ಮಾತು ಮಾತ್ರ. ನಮ್ಮಾಕಿ ಧಾರವಾಡದ ಓಣಿಯಲ್ಲಿ ಬೆಳೆದವಳು, ನಾನು ಹೊಲ ನೋಡಿದ್ದು ಬಸ್ಸಿನ ಕಿಟಕಿಯಿಂದ.

ಹಬ್ಬದ ಹಿಂದಿನ ದಿನ ನಾವು ಹೋದಾಗ ಒಲೆ ಹೂಡಲು ಕಲ್ಲು ಬೇಕಾಯಿತು. ಪ್ರತಿಸಲ ಇಟ್ಟುಕೊಳ್ಳುತ್ತಿದ್ದ ಕಲ್ಲುಗಳು ಮಳೆಗೆ ಕೆರೆಯ ಕಡೆ ಉರುಳಿದ್ದವು. ನಮ್ಮಾಕಿ ಅತ್ತಿತ್ತ ಹುಡುಕಿ, ಬನ್ನಿ ಗಿಡದ ಬುಡದಿಂದ ಕುಣಿಯುತ್ತ ಬಂದಳು. "ನೋಡ್ರಿ, ಒಂದ ಅಳತಿ ಕಲ್ಲು, ಸಾಲಾಗಿ ಇಟ್ಟಾರ. ಯಾರೋ ಪುಣ್ಯಾತ್ಮರು ಅಡಗಿ ಮಾಡಿ ಹೋಗಿರಬೇಕು." ಮುಂದೆ ಐದು, ಹಿಂದೆ ಒಂದು, ಒಟ್ಟು ಆರು ಕಲ್ಲು. ಎರಡು ಒಲೆಗೆ ಮೂರು ಮೂರು, ಲೆಕ್ಕ ಎಷ್ಟು ಸರಿ! ಅವುಗಳ ಮೇಲೆ ಬೆಳ್ಳಗೆ ಏನೋ ಹತ್ತಿತ್ತು. ಹಕ್ಕಿಯದಿರಬೇಕು ಎಂದು ನಾನೇ ಕೆರೆಯ ನೀರಿನಲ್ಲಿ ತಿಕ್ಕಿ ತೊಳೆದುಕೊಟ್ಟೆ.

ಮರುದಿನ ಬೆಳಿಗ್ಗೆ ಒಂದು ಒಲೆಯ ಮೇಲೆ ಉಪ್ಪಿಟ್ಟು, ಇನ್ನೊಂದರ ಮೇಲೆ ಚಹ. ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ನೀಲವ್ವಜ್ಜಿ, ಅವಳ ಮಗ, ಸೊಸೆ, ಬುಟ್ಟಿ ಬುಟ್ಟಿ ಅಡುಗೆ, ಕೈಯಲ್ಲಿ ಸುಣ್ಣದ ಡಬ್ಬಿ. ಅಜ್ಜಿ ನೇರ ಬನ್ನಿ ಗಿಡದ ಕೆಳಗೆ ಹೋದಳು. ನೋಡಿದಳು. ಸುತ್ತ ತಿರುಗಿ ಮತ್ತೆ ನೋಡಿದಳು.

"ಪಾಂಡವರು ಎಲ್ಲೆ ಹೋದ್ರು?"

ಮಗ ನಮ್ಮ ಒಲೆಯ ಕಡೆ ಕೈ ಮಾಡಿ, ದನಿ ತಗ್ಗಿಸಿ, "ಯವ್ವಾ, ಅಲ್ಲೆ ಚಾ ಕುದಿಯಾಕತ್ತೈತಿ" ಎಂದ.

ನಮ್ಮಾಕಿಗೆ ವಿಷಯ ತಿಳಿದದ್ದೇ ತಡ, ಮುಖದ ಬಣ್ಣ ಹೋಯಿತು. ಭೂಮಿ ಬಾಯಿ ಬಿಡಬಾರದೇ ಎಂದು ನಿಂತುಬಿಟ್ಟಳು. ಇಮ್ತಿಯಾಜ್ ಓಡಿ ಹೋಗಿ ಕುದಿಯುವ ಚಹ ಇಳಿಸಿದ. ಶಾಹಿನಾ ಉಪ್ಪಿಟ್ಟಿನ ಬೋಗುಣಿಯನ್ನು ಶಾಲಿನಿಂದಲೇ ಹಿಡಿದು ಎತ್ತಿದಳು. ಈ ಹೊಲವೂ ಹೋಯಿತು, ಈ ಮನೆಯೂ ಹೋಯಿತು ಎಂದು ನಾನು ಮನಸ್ಸಿನಲ್ಲೇ ಸಾಮಾನು ಕಟ್ಟತೊಡಗಿದೆ. ಅಜ್ಜಿ ಒಲೆಯ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತಳು. ಕಲ್ಲುಗಳು ಮಸಿ ಹಿಡಿದು ಕರಿಕಟ್ಟಿದ್ದವು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು!

"ವನವಾಸದಾಗ ಅವರೂ ಹಿಂಗ ಇದ್ದಿದ್ರವ್ವಾ, ಬಯಲಾಗ ಬೇಸಿಕೊಂಡು. ಹೆದರಬ್ಯಾಡ, ತೊಳದು ತಗೊಂಬಾ."

ತೊಳೆದೆವು. ಸುಣ್ಣ ಹಚ್ಚಿದೆವು. ಎಷ್ಟು ಹಚ್ಚಿದರೂ ಈ ವರ್ಷದ ಪಾಂಡವರು ಬೂದು ಬಣ್ಣದವರಾಗಿಯೇ ಉಳಿದರು. ಇನ್ನೊಂದು ತೊಡಕು ಎ‌ದ್ದಿತು. ಆ ಆರನೆಯ ಕಲ್ಲು ಕರ್ಣನಂತೆ. ಕೆಲವರು ಅದಕ್ಕೆ ಕಳ್ಳ ಎನ್ನುತ್ತಾರೆ, ಅಜ್ಜಿಯ ಮನೆಯಲ್ಲಿ ಕರ್ಣ. ಅವನು ಐವರ ಹಿಂದೆ ಒಬ್ಬನೇ ಕೂರಬೇಕು. ಈಗ ಎಲ್ಲರ ಮುಖಕ್ಕೂ ಮಸಿ ಹತ್ತಿ ಯಾರು ಧರ್ಮರಾಯ, ಯಾರು ಕರ್ಣ ಎಂದು ಅಜ್ಜಿಗೂ ಗುರುತು ಸಿಗಲಿಲ್ಲ. ಸೊಸೆ ಗೊಣಗಿದಳು. ಅಜ್ಜಿ ಕೈಗೆ ಬಂದ ಕಲ್ಲನ್ನು ಎತ್ತಿ ಇಟ್ಟು, "ಹಿಂದ ಯಾರನ್ನರೆ ಕುಂದರಸ್ರಿ. ಅವನೂ ಆ ಮನೀ ಮಗಾನ" ಎಂದಳು. ಅಲ್ಲಿಗೆ ಮಹಾಭಾರತ ಮುಗಿಯಿತು.

ಆಮೇಲೆ ಚರಗ ಚೆಲ್ಲಲು ಹೊರಟರು. ಅಜ್ಜಿಯ ಮಗನ ಹಿಂದೆ ನಾವೂ ಗೋವಿನಜೋಳದ ಸಾಲಿನಲ್ಲಿ ನಡೆದೆವು. "ಹುಲ್ಲುಲಿಗ್ಯೋ" ಎಂದು ಕೂಗುತ್ತ ಚೆಲ್ಲುವುದು ರೂಢಿ. ಆ ಕೂಗಿನಲ್ಲಿ ಇಮ್ತಿಯಾಜ್‌ನನ್ನು ಮೀರಿಸುವವರಿರಲಿಲ್ಲ. ಕೆರೆಯ ಮೇಲಿನ ಕೊಕ್ಕರೆಗಳೆಲ್ಲ ಎದ್ದುಹೋದವು. ಅರ್ಥಶಾಸ್ತ್ರದವನ ಕೂಗು ಅವನ ಹಿಂದೆ ಕೆಮ್ಮಿನ ಹಾಗೆ ಕೇಳುತ್ತಿತ್ತು.

ಹಬ್ಬದ ಊಟಕ್ಕೆ ಎರಡೂ ಮನೆಯವರು ಒಂದೇ ಸಾಲಿನಲ್ಲಿ ಕುಳಿತೆವು. ಅಜ್ಜಿಯ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಕಡಬು, ಎಳ್ಳು ಹೋಳಿಗೆ, ಅದರ ಜೊತೆಗೆ ನಮ್ಮ ಉಪ್ಪಿಟ್ಟಿಗೂ ಒಂದು ಮೂಲೆಯಲ್ಲಿ ಜಾಗ ಸಿಕ್ಕಿತು. ನಮ್ಮಾಕಿ ಮಾತ್ರ ಕೂರಲಿಲ್ಲ, ತುಪ್ಪದ ಗಿಂಡಿ ಹಿಡಿದು ಬಡಿಸುತ್ತ ನಿಂತಳು. ಮುಖಕ್ಕೆ ಮತ್ತೆ ಕಳೆ ಬಂದಿತ್ತು. ಅಜ್ಜಿ ಟೆಂಟಿನ ಕಡೆ, ತೋರಣದ ಕಡೆ, ಕೋಲಿಗೆ ತೂಗುವ ಗಡಿಯಾರದ ಕಡೆ ನೋಡುತ್ತ ನೋಡುತ್ತ, ಮನಸ್ಸಿನಲ್ಲಿ ಏನೂ ಇಲ್ಲದೆ, ಕೇಳಿಬಿಟ್ಟಳು.

"ಅಲ್ಲವ್ವಾ, ಇಷ್ಟೆಲ್ಲಾ ಹೇರಿಕೊಂಡು ಬಂದು ಇಲ್ಲೆ ಉಣ್ಣಾಕ ಹಾಕ್ತಿ. ನಿಮ್ಮ ಮನಿಗೇ ಯಾಕ ಕರಿಯಂಗಿಲ್ಲ ಇವರನ್ನ?"

ನಮ್ಮಾಕಿಯ ಕೈ ನಿಂತಿತು. ತುಪ್ಪ ಗಿಂಡಿಯ ತುದಿಗೆ ಬಂದು ಅಲ್ಲೇ ಉಳಿಯಿತು. ಯಾರ ಮುಂದೆ ಈ ಮಾತು ಬರಬಾರದೆಂದು ಮೂರು ವರ್ಷ ಮನೆ ಹೊತ್ತು ತಿರುಗಿದ್ದಳೋ ಅವಳು ಎದುರಿಗೇ ಕುಳಿತಿದ್ದಾಳೆ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಬಾಯಲ್ಲಿ ಕಡಬು ಇತ್ತು.

ಉತ್ತರ ಕೊಟ್ಟವಳು ಶಾಹಿನಾ. ತಲೆ ಎತ್ತದೆ, ರೊಟ್ಟಿ ಮುರಿಯುತ್ತ, "ಅದು ನಂದ ಹಟ ಅಜ್ಜಿ. ಮಾಳಗಿ ಮ್ಯಾಲಿನ ಮನಿ, ಭಾಳ ಸೆಖಿ. ನನಗ ತಡ್ಯಾಂಗಿಲ್ಲ. ಹೊಲಕ್ಕ ಹೋಗೂಣು ಅಂತ ನಾನ ಗಂಟ ಬಿದ್ದೇನಿ" ಎಂದಳು.

ಹಾಗೆ ಹೇಳುವಾಗಲೂ ಶಾಲು ಅವಳ ಹೆಗಲ ಮೇಲೆಯೇ ಇತ್ತು. ಅಜ್ಜಿ "ಹೌದಾ?" ಎಂದು ಇನ್ನೊಂದು ಕಡಬು ಹಾಕಿಸಿಕೊಂಡಳು. ಗಿಂಡಿಯ ತುಪ್ಪ ಕೆಳಗೆ ಬಿತ್ತು. ಮಾತು ಬೇರೆ ಕಡೆ ಹೋಯಿತು.

ನಾನು ಮಾತ್ರ ಅಲ್ಲೇ ಉಳಿದೆ. ಸಪ್ತಾಪುರದ ಮನೆಯೊಳಗೆ ಶಾಹಿನಾ ಒಮ್ಮೆಯೂ ಕಾಲಿಟ್ಟಿಲ್ಲ. ಅಲ್ಲಿಯ ಸೆಖೆ ಅವಳಿಗೆ ತಡೆಯುವುದಿಲ್ಲ ಎಂದರೇನು?

ಪಾತ್ರೆ ತೊಳೆಯಲು ಕೆರೆಗೆ ಹೋದಾಗ ಇಮ್ತಿಯಾಜ್‌ನನ್ನು ಕೇಳಿದೆ. ಅವನು ಪರಾತಕ್ಕೆ ಮಣ್ಣು ಹಚ್ಚಿ ತಿಕ್ಕುತ್ತಲೇ ಹೇಳಿದ.

"ನೀವು ಆ ಮನಿಗೆ ಬಂದ ಹೊಸತನ್ಯಾಗ ರಮ್ಜಾನ್ ಆಗಿತ್ತಲಾ. ಶಾಹಿನಾ ಶಾವಿಗಿ ಸುರಕುಂಬಾದ ಡಬ್ಬಿ ತಗೊಂಡು ಬಂದಿದ್ಳು. ಗೇಟಿನ್ಯಾಗ ನಿಮ್ಮ ಕಾಕಾ ನಿಂತಿದ್ರು. ಬೈಯಲಿಲ್ಲ ಅವರೇನು, ಮೆತ್ತಗ ಹೇಳಿದ್ರಂತ. ಡಬ್ಬಿ ಹಂಗ ತಿರುಗಿ ಬಂತು. ಆ ದಿನಾ ನನ್ನ ಕಡಿಂದ ಮಾತು ತಗೊಂಡಾಳ, ವೈನಿಗೆ ಗೊತ್ತಾಗಬಾರ್ದು, ಗೊತ್ತಾದ್ರ ಭಾಳ ಮನಸಿಗೆ ಹಚಗೋತಾಳ ಅಂತ." ಪರಾತ ತೊಳೆದು ದಂಡೆಯ ಮೇಲಿಟ್ಟು ನನ್ನ ಕಡೆ ತಿರುಗಿದ. "ನೀನೂ ಹೇಳಬ್ಯಾಡ ದೋಸ್ತ. ಗೊತ್ತಾದ್ರ ವೈನಿ ಕರಿಯೋದ ಬಿಟ್ಟಬಿಡ್ತಾರ."

ನೆಲದ ಮೇಲೆ ಮಲಗಲಾರದವನು, ಚಳಿ ತಡೆಯಲಾರದವಳು, ಮೂರು ವರ್ಷ ಬೇವಿನ ಮರದ ಕೆಳಗೆ ನಿಂತು ಕರೆಗಾಗಿ ಕಾದಿದ್ದರು. ನನಗೆ ಆ ನೀರಿನಲ್ಲಿ ಮುಖ ತೊಳೆದುಕೊಳ್ಳಬೇಕಾಯಿತು. ಇಮ್ತಿಯಾಜ್ ಬೇರೆ ಕಡೆ ನೋಡಿದ.

ಮಾತು ಕೊಟ್ಟೆ ನಿಜ. ಆದರೆ ಮಧ್ಯಾಹ್ನ ಟೆಂಟಿನೊಳಗೆ ಸಾಮಾನು ಕಟ್ಟುವಾಗ ನಮ್ಮಾಕಿ ನನ್ನನ್ನು ಒಮ್ಮೆ ನೋಡಿದ್ದೇ ಕೈಯಲ್ಲಿದ್ದ ಮಣೆ ಕೆಳಗಿಟ್ಟು, "ಇಮ್ತಿಯಾಜ್ ಭಾವ ಹೇಳಿದ್ರೇನು?" ಎಂದಳು.

"ಏನು?"

"ಶಾಹಿನಾಗ ಗೊತ್ತೈತಿ ಅನ್ನೋದು."

ಅವಳು ಹೊರಗೆ ಕೇಳಿಸದ ಹಾಗೆ ದನಿ ಇಳಿಸಿದಳು. "ಆ ದಿನಾ ನಾ ಮ್ಯಾಲೆ ಅರಿವಿ ಒಣಾ ಹಾಕಾಕತ್ತಿದ್ದೆ. ಗೇಟಿಗೆ ಬಂದು ತಿರುಗಿ ಹ್ವಾದದ್ದ ನೋಡೇನಿ. ಡಬ್ಬಿ ಎದಿಗೆ ಅವಚಿಕೊಂಡು, ಹಿಂದ ನೋಡದ ಹ್ವಾದ್ಳು. ಕರೀಬೇಕಂದೆ, ದನಿ ಹೊರಡಲಿಲ್ಲ ನನಗ. ಅದಾದ ಮ್ಯಾಲೆ ಕಾಕಾ ಮ್ಯಾಲ ಬಂದ್ರು."

"ಮತ್ತ ನನಗ ಯಾಕ ಹೇಳಲಿಲ್ಲ ನೀ?"

"ನಿಮ್ಮ ಮಾರಿ ಇದ್ದದ್ದೆಲ್ಲಾ ಹೇಳಿಬಿಡ್ತತಿ. ಈಗ ಹೇಳಾಕತ್ತಿಲ್ಲೇನು, ಹಂಗ."

ನಾನು ಹೊಸ್ತಿಲ ಮೇಲೆಯೇ ಕುಳಿತೆ. ಎಂದೂ ಕೂರಗೊಡದವಳು ಅವತ್ತು ಏನೂ ಅನ್ನಲಿಲ್ಲ. ಹೊರಗೆ ಅಜ್ಜಿಯ ಸೊಸೆಯ ಜೊತೆ ಶಾಹಿನಾ ಏನೋ ಹೇಳಿ ನಗುತ್ತಿರುವುದು ಕೇಳುತ್ತಿತ್ತು.

"ಆಕಿಗೂ ಗೊತ್ತೈತಿ, ನಿನಗೂ ಗೊತ್ತೈತಿ" ಎಂದೆ. "ಇಬ್ಬರೂ ಕುಂತು ಒಮ್ಮೆ ಬಾಯಿ ಬಿಟ್ಟು ಮಾತಾಡಿಬಿಟ್ರ ಏನಾಗ್ತತಿ? ಹಗರ ಆಗ್ತತಲಾ ಮನಸು."

"ನನ್ನ ಮನಸು ಹಗರ ಆಗ್ತತಿ ಖರೇ. ನಾ ಹೇಳಿದ್ರ ಅಳ್ತೇನಿ, ಆಕಿ ನನ್ನ ಸಮಾಧಾನ ಮಾಡ್ತಾಳ. ಗೇಟಿನ್ಯಾಗಿಂದ ತಿರುಗಿ ಹ್ವಾದಾಕಿ ಆಕಿ. ಮತ್ತ ಆಕೀನ ನನ್ನ ಕಣ್ಣೀರು ಒರಸಬೇಕೇನ್ರಿ?"

ಇಷ್ಟು ವರ್ಷ ಜೊತೆಗಿದ್ದೂ ಇವಳನ್ನು ಅವತ್ತು ಕಂಡಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ. ಅವಳು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಟೆಂಟಿನ ಬಟ್ಟೆ ಮಡಚಲು ಇನ್ನೊಂದು ತುದಿ ಹಿಡಿ ಬಾ ಎಂದು ಶಾಹಿನಾಳನ್ನು ಕೂಗಿದಳು. ನನ್ನನ್ನು ಮಾತ್ರ ತಾವಿಬ್ಬರೂ ಮಡಚಿ ಮುಗಿಸುವವರೆಗೆ ಕೆರೆಯ ಕಡೆ ಹೋಗಿ ನಿಲ್ಲಲು ಹೇಳಿದಳು. ನನ್ನ ಮುಖದಲ್ಲಿ ಇನ್ನೂ ಎಲ್ಲ ಕಾಣುತ್ತಿತ್ತಂತೆ.